ಕಡಲ ಬದಿಯ 1 ಮೆಗಾವ್ಯಾಟ್ ಸೋಲಾರಿಗೆ ಯಾವ ಟಿಸಿ (ಟ್ರಾನ್ಸ್‌ಫಾರ್ಮರ್)? ಆಯಿಲ್ಲಾ, ಡ್ರೈಯಾ?

ಕಾಪು ಗೇರುಬೀಜ:

ಎಲ್ಲರಿಗೂ ನಮಸ್ಕಾರ. ಕಾಪು ಹತ್ತಿರ ನಮ್ಮ ಮಾವನವರದ್ದೊಂದು ಗೇರುಬೀಜದ ಫ್ಯಾಕ್ಟರಿ ಉಂಟು. ಅದರ ಹಿಂದೆ ಐದು ಎಕರೆ ಹಳೆ ಕಲ್ಲುಕೋರೆ ಸುಮ್ನೆ ಬಿದ್ದಿದೆ. ಮುರಕಲ್ಲು (ಕೆಂಪು ಜಂಬಿಟ್ಟಿಗೆ) ತೆಗೆದು ತೆಗೆದು ಉಳಿದ ಪಾದೆ, ಬರೀ ಬಂಡೆ, ಅಡಿಕೆಯೂ ಆಗುವುದಿಲ್ಲ, ತೆಂಗೂ ಆಗುವುದಿಲ್ಲ. ಅಲ್ಲಿ 1 ಮೆಗಾವ್ಯಾಟ್ ಸೋಲಾರ್ ಹಾಕುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಸಮುದ್ರಕ್ಕೆ ನೇರ ಅಳೆದರೆ ಒಂದೂವರೆ ಕಿಲೋಮೀಟರ್, ಮಳೆಗಾಲದ ರಾತ್ರಿ ಅಲೆಯ ಸದ್ದು ಮಲಗಿದಲ್ಲಿಗೇ ಕೇಳುತ್ತದೆ.

ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಎಸಿ ಮಾಡಲಿಕ್ಕೆ 250 ಕಿಲೋವ್ಯಾಟಿನ ನಾಲ್ಕು ಸ್ಟ್ರಿಂಗ್ ಇನ್ವರ್ಟರ್ ನೋಡಿ ಇಟ್ಟಿದ್ದೇವೆ, 800 ವೋಲ್ಟ್ ಔಟ್‌ಪುಟ್‌ನದ್ದು. ಆರ್ಡರ್ ಇನ್ನೂ ಕೊಟ್ಟಿಲ್ಲ. ಮೆಸ್ಕಾಂನ 11 ಕೆವಿ ಲೈನಿಗೆ ಕರೆಂಟು ಕೊಡುವುದು. ಈಗ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಮೂರು ಜನ ಮೂರು ಮಾತು ಹೇಳುತ್ತಿದ್ದಾರೆ.

ಒಬ್ಬರು 1250 ಕೆವಿಎ ಆಯಿಲ್ ಟೈಪ್ (ಒಳಗೆ ಎಣ್ಣೆ ತುಂಬಿದ್ದು) ಕೊಟೇಶನ್ ಕೊಟ್ಟಿದ್ದಾರೆ, ಇನ್ವರ್ಟರ್ ಡ್ಯೂಟಿ ಅಂತೆ. ಇನ್ನೊಬ್ಬರು ಅಷ್ಟೇ ಕೆವಿಎಯ ಡ್ರೈ ಟೈಪ್, ಕಾಸ್ಟ್ ರೆಸಿನ್, ಅಂದರೆ ಎಣ್ಣೆಯ ಬದಲು ಕಾಯಿಲನ್ನು ಗಟ್ಟಿ ರೆಸಿನ್ನಿನಲ್ಲಿ ಎರಕ ಹೊಯ್ದದ್ದು. ಏಳು ಲಕ್ಷ ಜಾಸ್ತಿ. ಆದರೆ "ಎಣ್ಣೆ ಇಲ್ಲ, ಸೋರುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಕಡಲ ಬದಿಗೆ ಇದೇ ಸರಿ, ಹಾಕಿ ಮರೆತುಬಿಡಿ" ಅಂತಾರೆ. ಮೂರನೆಯದು ಮಾವನವರ ಸ್ನೇಹಿತರ ಸಲಹೆ. ಅವರ ಬಂದ್ ಆದ ಮಿಲ್ಲಿನಲ್ಲಿ ಹಳೆ 1000 ಕೆವಿಎ, 11 ಕೆವಿ/433 ವೋಲ್ಟಿನ ಟಿಸಿ ಉಂಟು, "ಕಡಿಮೆಗೆ ಕೊಡ್ತೇನೆ, ಇನ್ವರ್ಟರನ್ನೇ 415 ವೋಲ್ಟಿನದ್ದು ತಗೊಳ್ಳಿ, ಟಿಸಿ ಅಂದರೆ ಟಿಸಿ, ತಲೆಕೆಳಗೆ ಹಾಕಿದರೂ ಓಡುತ್ತದೆ" ಅಂತ. ಮಾವನವರಿಗೆ ಇದೇ ಇಷ್ಟ, ಕಾರಣ ಹೇಳಬೇಕಾಗಿಲ್ಲ ಅಲ್ವಾ.

ನಾನು ಮೆಕ್ಯಾನಿಕಲ್ ಓದಿದವನು. ಬಾಯ್ಲರ್ ಕೇಳಿದರೆ ಹೇಳಿಯೇನು, ಟಿಸಿ ಕೇಳಿದರೆ ಮಂಡೆಬಿಸಿ. ಪಕ್ಕದ ಮನೆಯವರ ಬಾವಿ ಟಿಸಿ ಇಡುವ ಜಾಗಕ್ಕೆ ಇಪ್ಪತ್ತು ಮೀಟರ್ ದೂರದಲ್ಲಿದೆ, ಅವರು ಈಗಲೇ ಎಣ್ಣೆ ಬಗ್ಗೆ ತಕರಾರು ಎತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲ್ಪೆ ಐಸ್:

ಡ್ರೈ ಟೈಪ್ ಬೇಡ ಮಾರಾಯ್ರೆ. ನಾವು ಪೆಟ್ಟು ತಿಂದವರು.

ನಮ್ಮದು ಐಸ್ ಪ್ಲಾಂಟ್. ನಮಗೂ ಹಾಗೇ ಹೇಳಿದರು, ಹಾಕಿ ಮರೆತುಬಿಡಿ ಅಂತ. ಒಂದು ರೂಮು ಕಟ್ಟಿ, ಗಾಳಿಯಾಡಲಿ ಅಂತ ಎರಡು ಕಡೆ ಲೂವರ್ ಕೊಟ್ಟು ಅದರೊಳಗೆ ಕೂರಿಸಿದೆವು. ಮೊದಲ ಎರಡು ವರ್ಷ ಏನೂ ತೊಂದರೆ ಇಲ್ಲ. ಮೂರನೇ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ದೊಡ್ಡ ಗಾಳಿಮಳೆ ಬಂದು ಲೈನಿಗೆ ಮರ ಬಿತ್ತು, ಎರಡು ದಿನ ಕರೆಂಟೇ ಇಲ್ಲ. ಮೂರನೇ ದಿನ ಕರೆಂಟು ಬಂತು, ನಮ್ಮ ಹುಡುಗ ಖುಷಿಯಲ್ಲಿ ಬ್ರೇಕರ್ ಹಾಕಿದ, ಢಮ್! ಬಾಗಿಲು ತೆಗೆದು ನೋಡಿದರೆ ಕಾಯಿಲಿನ ಮೇಲೆ ಮರದ ಬೇರಿನ ಹಾಗೆ ಕಪ್ಪು ಗೆರೆಗಳು. ಉಪ್ಪಿನ ಪಸೆ, ಅದರ ಮೇಲೆ ನೀರಿನ ಪಸೆ, ಅದರ ಮೇಲೆ 11 ಕೆವಿ.

ಕಂಪನಿಯವರು ಬಂದು ನೋಡಿ "ನಿಮ್ಮ ವಾತಾವರಣದ ಸಮಸ್ಯೆ, ವಾರಂಟಿಯಲ್ಲಿ ಬರುವುದಿಲ್ಲ" ಅಂದರು. ವಾತಾವರಣ ನಾವು ಮಾಡಿದ್ದಾ? ಮಲ್ಪೆಯಲ್ಲಿ ಸಮುದ್ರ ಇದೆ ಅಂತ ಅವರಿಗೆ ಮಾರುವಾಗ ಗೊತ್ತಿರಲಿಲ್ಲವಾ? ಅದಿರಲಿ. ಎಣ್ಣೆಯದ್ದೇ ಹಾಕಿ, ಸೋರಿದರೆ ಕಣ್ಣಿಗೆ ಕಾಣುತ್ತದೆ.

ಬೈಕಂಪಾಡಿ ವೈಂಡಿಂಗ್:

ಐಸ್ ಪ್ಲಾಂಟಿನವರ ಸಿಟ್ಟು ಸರಿ, ಆದರೆ ತಪ್ಪು ಡ್ರೈ ಟೈಪಿನದ್ದಲ್ಲ, ಅದನ್ನು ಕೂರಿಸಿದ ರೀತಿಯದ್ದು. ಕಾಸ್ಟ್ ರೆಸಿನ್ ಟ್ರಾನ್ಸ್‌ಫಾರ್ಮರಿಗೆ ಎನ್ವಿರಾನ್‌ಮೆಂಟ್ ಕ್ಲಾಸ್ ಅಂತ ಒಂದು ಇದೆ, ಇ0, ಇ1, ಇ2 ಹೀಗೆ ಮೇಲೇರುತ್ತದೆ. ಇ0 ಅಂದರೆ ಒಣ, ಸ್ವಚ್ಛ ರೂಮು. ಪದೇಪದೇ ನೀರು ಕೂರುವ ಜಾಗಕ್ಕೆ ಕನಿಷ್ಠ ಇ2 ಬೇಕು. ಜೊತೆಗೆ ಕರೆಂಟು ಹೋದಾಗ ಬೇರೆ ಸಪ್ಲೈಯಿಂದ ಓಡುವ ಸ್ಪೇಸ್ ಹೀಟರ್ ಬೇಕು. ಎರಡು ದಿನ ತಣ್ಣಗೆ ಕೂತಿದ್ದನ್ನು ಒರೆಸದೆ, ಒಣಗಿಸದೆ, ಮೆಗ್ಗರ್ ಹಾಕಿ ಇನ್ಸುಲೇಶನ್ ನೋಡದೆ ಚಾರ್ಜ್ ಮಾಡಿದರೆ ಯಾರ ಟಿಸಿಯಾದರೂ ಹಾಗೇ ಮಾತಾಡುತ್ತದೆ.

ಈಗ ಪ್ರಶ್ನೆ ಕೇಳಿದವರಿಗೆ. ಇಪ್ಪತ್ತು ವರ್ಷ ಟ್ರಾನ್ಸ್‌ಫಾರ್ಮರ್ ಸುತ್ತಿದವನು ನಾನು, ಸ್ವಲ್ಪ ಉದ್ದ ಆಗುತ್ತದೆ, ಚಾ ಕುಡಿಯುತ್ತಾ ಓದಿ.

ಸುರುವಿಗೆ ಆ ಹಳೆ ಟಿಸಿ. ಅದನ್ನು ಮಾಡಿದ್ದು 11 ಕೆವಿಯನ್ನು 433ಕ್ಕೆ ಇಳಿಸಲಿಕ್ಕೆ. ನೀವು ಉಲ್ಟಾ ಓಡಿಸುತ್ತೀರಿ. ಓಡುತ್ತದೆ, ಸುಳ್ಳಲ್ಲ. ಆದರೆ ಲೆಕ್ಕ ನೋಡಿ: ಇನ್ವರ್ಟರ್ 415 ವೋಲ್ಟ್ ಕೊಟ್ಟರೆ ಆ ಕಡೆ ಬರುವುದು 10.54 ಕೆವಿ ಮಾತ್ರ. ಲೈನಿನಲ್ಲಿ 11 ಇದ್ದರೆ ನಿಮ್ಮ ಕಡೆ ಆಗಲೇ 433. ಮಧ್ಯಾಹ್ನ ಲೋಡ್ ಕಡಿಮೆಯಾಗಿ ಲೈನ್ 11.3ಕ್ಕೆ ಏರಿದರೆ ನಿಮ್ಮ ಕಡೆ 445, ಅದರ ಮೇಲೆ ಕೇಬಲ್ಲಿನ ಏರಿಕೆ. 415ರ ಮೇಲೆ ಹತ್ತು ಪರ್ಸೆಂಟಿಗೆ ಇನ್ವರ್ಟರಿನ ಲಿಮಿಟ್ ಇಟ್ಟಿದ್ದರೆ 456ಕ್ಕೆ ಟ್ರಿಪ್. ಅಂದರೆ ಬಿಸಿಲು ಚೆನ್ನಾಗಿರುವ ಹೊತ್ತಿಗೇ ಪ್ಲಾಂಟ್ ಬಂದ್! ಟ್ಯಾಪ್ (ಕಾಯಿಲಿನ ಸುತ್ತು ಹೆಚ್ಚು ಕಡಿಮೆ ಮಾಡುವ ಸ್ವಿಚ್ಚು) ಬದಲಿಸಿ ಹೆಚ್ಚುವರಿ ಐದು ಪರ್ಸೆಂಟಿನಲ್ಲಿ ಇಟ್ಟರೆ 433 ಇದ್ದದ್ದು 412 ಆಗುತ್ತದೆ, ಆಗ ಬಚಾವ್. ಹಾಗಾಗಿ ಇದೊಂದೇ ಕಾರಣಕ್ಕೆ ಬೇಡ ಅನ್ನುವುದಿಲ್ಲ.

ಬೇಡ ಅನ್ನುವುದಕ್ಕೆ ಬೇರೆ ಕಾರಣ ಇದೆ. ಇನ್ವರ್ಟರ್ ಅಂದರೆ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಸ್ವಿಚ್ಚು. ಫಿಲ್ಟರ್ ದಾಟಿಯೂ ಸ್ವಲ್ಪ ಚೂಪಾದ ಏರಿಳಿತ ಹೊರಗೆ ಬರುತ್ತದೆ. ಇನ್ವರ್ಟರ್ ಡ್ಯೂಟಿ ಟ್ರಾನ್ಸ್‌ಫಾರ್ಮರಿನಲ್ಲಿ ಎಲ್‌ವಿ (ಕಡಿಮೆ ವೋಲ್ಟಿನ) ಮತ್ತು ಎಚ್‌ವಿ (ಹೆಚ್ಚು ವೋಲ್ಟಿನ) ವೈಂಡಿಂಗ್, ಅಂದರೆ ತಂತಿ ಸುರುಳಿಗಳ ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಂ ಹಾಳೆಯ ಒಂದು ಶೀಲ್ಡ್ ಇಟ್ಟು ಅದನ್ನು ಅರ್ತ್ ಮಾಡಿರುತ್ತಾರೆ. ಆ ಏರಿಳಿತ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟದ ಹಾಗೆ ಅದು ತಡೆಯುತ್ತದೆ. ಎಲ್‌ವಿ ಇನ್ಸುಲೇಶನ್ ಕೂಡ ದಪ್ಪ, ಹಾರ್ಮೋನಿಕ್ಸಿನ (ಕರೆಂಟಿನ ಅಲೆ ವಿಕಾರವಾಗುವುದರ) ಹೆಚ್ಚುವರಿ ಬಿಸಿಯನ್ನೂ ಲೆಕ್ಕ ಹಿಡಿದಿರುತ್ತಾರೆ. ಮಿಲ್ಲಿನ ಟಿಸಿಯಲ್ಲಿ ಇದೊಂದೂ ಇಲ್ಲ. ಮತ್ತೆ 415ರಲ್ಲಿ 1 ಮೆಗಾವ್ಯಾಟಿಗೆ ಸುಮಾರು 1390 ಆಂಪಿಯರ್, 800ರಲ್ಲಿ 722. ಟಿಸಿಯಲ್ಲಿ ಉಳಿಸಿದ ದುಡ್ಡು ಕೇಬಲ್ಲಿನಲ್ಲಿ ಹೋಗುತ್ತದೆ. ಮಾವನವರಿಗೆ ಬೇರೆ ಏನೂ ಹೇಳಬೇಡಿ, ಕೇಬಲ್ ರೇಟ್ ಮಾತ್ರ ತೋರಿಸಿ.

ಆಯಿಲ್ಲಾ ಡ್ರೈಯಾ ಅನ್ನುವುದಕ್ಕೆ ಬರುತ್ತೇನೆ. ನಿಮ್ಮದು ಬಯಲು ಜಾಗ. ಡ್ರೈ ಟೈಪ್ ಮುಖ್ಯವಾಗಿ ಬೇಕಾಗುವುದು ಕಟ್ಟಡದ ಒಳಗೆ. ಮನೆ, ಅಂಗಡಿ ಇರುವ ಕಟ್ಟಡದೊಳಗೆ ಇಡುವುದಾದರೆ ಡ್ರೈ ಟೈಪೇ ಆಗಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದೆ. ಬಯಲಲ್ಲಿ ಆ ಒತ್ತಾಯ ಇಲ್ಲ. ಎರಡೂ ಕೊಟೇಶನ್ನಿನ ಡೇಟಾ ಶೀಟ್ ತೆಗೆದು ನೋ ಲೋಡ್ ಲಾಸ್ ನೋಡಿ, ಅಂದರೆ ಲೋಡ್ ಇಲ್ಲದಿದ್ದರೂ ಕೋರಿನಲ್ಲಿ ಹೋಗುವ ಕರೆಂಟು. ಸೋಲಾರ್ ಟಿಸಿ ರಾತ್ರಿಯೂ ಲೈನಿನಲ್ಲೇ ಇರುತ್ತದೆ, ರಾತ್ರಿ ಆ ಲಾಸ್ ನೀವು ಗ್ರಿಡ್ಡಿನಿಂದ ಎಳೆದು ಕೊಡಬೇಕು.

ಆಯಿಲ್ ಟೈಪಿನಲ್ಲೇ ಯಾವುದು ಅಂತ ಆಮೇಲೆ ಬರೆಯುತ್ತೇನೆ, ಅಸಲಿ ವಿಷಯ ಅಲ್ಲಿರುವುದು. ಈಗ ಶಿಫ್ಟ್ ಮುಗಿಯಿತು.

ಕಾಪು ಗೇರುಬೀಜ:

ಡೇಟಾ ಶೀಟ್ ನೋಡಿದೆ ಅಣ್ಣ. ಆಯಿಲ್ಲಿನದ್ದು ನೋ ಲೋಡ್ 1.1 ಕಿಲೋವ್ಯಾಟ್, ಡ್ರೈಯದ್ದು 1.8. ವ್ಯತ್ಯಾಸ 0.7. ವರ್ಷಕ್ಕೆ 8760 ಗಂಟೆ, ಅಂದರೆ 6132 ಯೂನಿಟ್. ಏಳು ಲಕ್ಷ ಜಾಸ್ತಿ ಕೊಟ್ಟು ಪ್ರತಿ ವರ್ಷ ಆರು ಸಾವಿರ ಯೂನಿಟ್ ಕಳೆದುಕೊಳ್ಳುವುದಾ? ಇದನ್ನು ಅವರು ಹೇಳಲೇ ಇಲ್ಲ.

ಒಂದು ಸಂಶಯ. ರಾತ್ರಿ ಏಳಕ್ಕೆ ಬ್ರೇಕರ್ ಆಫ್ ಮಾಡಿ ಬೆಳಿಗ್ಗೆ ಆರಕ್ಕೆ ಆನ್ ಮಾಡಿದರೆ ಆ ರಾತ್ರಿಯ ಲಾಸ್ ಪೂರ್ತಿ ಉಳಿಯುವುದಿಲ್ಲವಾ? ವಾಚ್‌ಮ್ಯಾನ್ ಹೇಗೂ ಇದ್ದಾನೆ.

ಕಾರ್ಕಳ ಕಾಂಟ್ರಾಕ್ಟರ್:

ಆ ಕೆಲಸ ಮಾತ್ರ ಮಾಡಬೇಡಿ. ಪ್ರತಿದಿನ ಬೆಳಿಗ್ಗೆ ಆನ್ ಮಾಡುವಾಗ ಟಿಸಿ ಒಮ್ಮೆ ಜೋರಾಗಿ ಕರೆಂಟು ಎಳೆಯುತ್ತದೆ, ಫುಲ್ ಲೋಡಿನ ಎಷ್ಟೋ ಪಟ್ಟು, ಕ್ಷಣಹೊತ್ತು. ವರ್ಷಕ್ಕೆ 365 ಸಲ ವೈಂಡಿಂಗನ್ನು ಹಾಗೆ ಕುಲುಕಿದರೆ ಎಷ್ಟು ದಿನ ತಡೆದೀತು? ಅದೂ ಅಲ್ಲದೆ ರಾತ್ರಿ ಆ ಒಂದು ಕಿಲೋವ್ಯಾಟಿನ ಬಿಸಿಯೇ ಟ್ಯಾಂಕನ್ನು ಸ್ವಲ್ಪ ಬೆಚ್ಚಗಿಡುವುದು. ಜುಲೈಯಲ್ಲಿ ಅದೂ ಇಲ್ಲದಿದ್ದರೆ ನೀರಿನ ಪಸೆ ಹಿಡಿಯುತ್ತದೆ. ಉಳಿತಾಯ ಬೇಕಾದರೆ ಆರ್ಡರ್ ಕೊಡುವಾಗಲೇ ನೋ ಲೋಡ್ ಲಾಸ್ ಕಡಿಮೆ ಇರುವುದನ್ನು ಕೇಳಿ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ತನಕ ಟಿಸಿ ಹೆಚ್ಚಿನ ದಿನ ಕಾಲು ಲೋಡಿನಲ್ಲಿ ಓಡುವುದು. ಲೋಡ್ ಅರ್ಧ ಆದರೆ ತಾಮ್ರದ ಲಾಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಕೋರಿನ ಲಾಸ್ ಮೋಡ ಇರಲಿ ಬಿಸಿಲಿರಲಿ ಅಷ್ಟೇ. ಪಾವಗಡದ ಬಿಸಿಲಿಗೆ ಮಾಡಿದ ಲೆಕ್ಕವನ್ನು ತಂದು ಕಾಪುವಿಗೆ ಹಾಕಿದರೆ ಆಗುವುದಿಲ್ಲ.

ಬಾವಿಯ ವಿಷಯ. 1250 ಕೆವಿಎಯಲ್ಲಿ ಎಣ್ಣೆ ಸಾವಿರ ಚಿಲ್ಲರೆ ಲೀಟರ್ ಬರಬಹುದು. 2000 ಲೀಟರ್ ಮೀರಿದರೆ ಸೋಕ್ ಪಿಟ್ (ಸೋರಿದ ಎಣ್ಣೆ ಹಿಡಿಯುವ ಹೊಂಡ) ಮಾಡಲೇಬೇಕು ಅಂತ ನಿಯಮ, ನಿಮ್ಮದು ಅದರ ಕೆಳಗೆ. ಆದರೂ ಮಾಡಿಬಿಡಿ. ಅಡಿಯಲ್ಲಿ ಕಾಂಕ್ರೀಟ್ ತೊಟ್ಟಿ, ಮೇಲೆ ಜಲ್ಲಿ. ನಿಮ್ಮದು ಮುರಕಲ್ಲಿನ ಜಾಗ, ಅದರ ತೂತುಗಳಲ್ಲಿ ನೀರು ಹೇಗೆ ಇಳಿಯುತ್ತದೆ ಅಂತ ಬಾವಿ ತೋಡಿಸಿದವರಿಗೆ ಗೊತ್ತು. ಎಣ್ಣೆ ಇಳಿದರೂ ಅದೇ ದಾರಿ. ತೊಟ್ಟಿ ಸಿಮೆಂಟಿನದ್ದೇ ಆಗಬೇಕು, ಸುಮ್ನೆ ಹೊಂಡ ತೋಡಿ ಜಲ್ಲಿ ತುಂಬಿಸಿದರೆ ಬಾವಿಗೆ ನೀವೇ ಪೈಪ್ ಹಾಕಿಕೊಟ್ಟ ಹಾಗೆ. ಮಳೆನೀರು ತುಂಬಿದರೆ ಹೊರಗೆ ಹಾಕಲಿಕ್ಕೆ ಒಂದು ವಾಲ್ವ್ ಇಡಿ, ಅದು ಯಾವಾಗಲೂ ಬಂದ್ ಇರಲಿ. ನೋಡಿಕೊಂಡು ತೆಗೆಯುವುದು, ಎಣ್ಣೆಯ ಪೊರೆ ಕಂಡರೆ ತೆಗೆಯಬಾರದು.

ಅಷ್ಟೂ ಸಾಲದು ಅಂತ ಪಕ್ಕದವರು ಹಠ ಹಿಡಿದರೆ ನ್ಯಾಚುರಲ್ ಎಸ್ಟರ್ ಎಣ್ಣೆ ಕೇಳಿ ನೋಡಿ. ಸಸ್ಯದ ಎಣ್ಣೆಯಿಂದ ಮಾಡುವುದು, ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಬೆಂಕಿ ಹಿಡಿಯಲು 300 ಡಿಗ್ರಿ ದಾಟಬೇಕು, ಮಾಮೂಲಿ ಮಿನರಲ್ ಎಣ್ಣೆ 170ರ ಆಸುಪಾಸಿನಲ್ಲೇ ಹಿಡಿಯುತ್ತದೆ. ರೇಟ್ ಜಾಸ್ತಿ, ಆದರೂ ಡ್ರೈ ಟೈಪಿಗೆ ಹೋಗುವ ಬದಲು ಇದು ವಾಸಿ ಅಂತ ನನ್ನ ಅಭಿಪ್ರಾಯ. ಒಂದೇ ಷರತ್ತು, ಅದಕ್ಕೆ ಹೊರಗಿನ ಗಾಳಿ ತಾಗಬಾರದು, ತಾಗಿದರೆ ಕಾಲ ಹೋದ ಹಾಗೆ ಗಟ್ಟಿಯಾಗುತ್ತದೆ. ಸೀಲ್ಡ್ ಟ್ಯಾಂಕೇ ಬೇಕು.

ಅರ್ತಿಂಗ್ ಮರೆಯಬೇಡಿ. ಪಾದೆಯಲ್ಲಿ ಮಾಮೂಲಿ ಅರ್ತ್ ಪಿಟ್ ತೋಡಿ ಉಪ್ಪು ಇದ್ದಲು ಹಾಕಿದರೆ ಏಪ್ರಿಲ್ ಮೇ ತಿಂಗಳಲ್ಲಿ ರೆಸಿಸ್ಟೆನ್ಸ್ ಎಲ್ಲಿಗೋ ಏರಿ ಹೋಗುತ್ತದೆ, ಸಿಡಿಲು ಜಾಸ್ತಿ ಹೊಡೆಯುವುದೂ ಆಗಲೇ, ಮಳೆ ಸುರುವಾಗುವ ಮುಂಚೆ. ಬೋರ್ ಕೊರೆಸಿ ಆಳಕ್ಕೆ ಇಳಿಸಿ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿನವರು ಬಂದಾಗ ಮೊದಲು ಕೇಳುವುದೇ ಅರ್ತ್ ರೀಡಿಂಗ್.

ಬೈಕಂಪಾಡಿ ವೈಂಡಿಂಗ್:

ಕಾಂಟ್ರಾಕ್ಟರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಿನ್ನೆ ಬಿಟ್ಟ ಮಾತು ಮುಂದುವರಿಸುತ್ತೇನೆ.

ಊರಿನ ರಸ್ತೆ ಬದಿಯ ಟಿಸಿಗೆ ಲೋಡ್ ಹಗಲು ರಾತ್ರಿ ಸ್ವಲ್ಪ ಏರಿಳಿಯುತ್ತದೆ ಅಷ್ಟೇ. ಸೋಲಾರಿನದ್ದು ಹಾಗಲ್ಲ. ಮಧ್ಯಾಹ್ನ ಎಣ್ಣೆ ಕುದಿಯುವ ಹಾಗೆ ಬಿಸಿ, ಸಂಜೆ ಆರಕ್ಕೆ ಲೋಡ್ ಸೊನ್ನೆ, ರಾತ್ರಿ ತಣ್ಣಗೆ. ಬಿಸಿಯಾದಾಗ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ತಣ್ಣಗಾದಾಗ ಒಳಗೆ ಎಳೆಯುತ್ತದೆ. ದಿನಕ್ಕೊಮ್ಮೆ ಎದೆ ತುಂಬಾ ಉಸಿರು. ಆ ಉಸಿರು ಎಳೆಯುವ ಹೊತ್ತು ಯಾವುದು? ಮುಸ್ಸಂಜೆ, ಕಡಲ ಗಾಳಿ, ಆಟಿಯ ಮಳೆ. ಒಳಗೆ ಹೋಗುವ ಗಾಳಿಯ ಪಸೆ ಹೀರಲಿಕ್ಕೆ ಬ್ರೀದರಿನಲ್ಲಿ ಹಾಕಿದ ಸಿಲಿಕಾ ಜೆಲ್ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನೀಲಿ ಇರುತ್ತದೆ, ಮಳೆಗಾಲದಲ್ಲಿ ನೋಡನೋಡುತ್ತಾ ಗುಲಾಬಿ. ಗುಲಾಬಿ ಆದ ಮೇಲೆ ಅದು ತಡೆಯುವುದೇನೂ ಇಲ್ಲ, ನೀರು ಸೀದಾ ಎಣ್ಣೆಗೆ. ನಾನು ಬಿಚ್ಚಿದ ಕರಾವಳಿಯ ಟಿಸಿಗಳಲ್ಲಿ ವೈಂಡಿಂಗ್ ಸುಟ್ಟದ್ದಕ್ಕೆ ಓವರ್‌ಲೋಡಿಗಿಂತ ನೀರೇ ಜಾಸ್ತಿ ಕಾರಣ.

ಆದ್ದರಿಂದ ನಿಮಗೆ ಬೇಕಾದದ್ದು ಉಸಿರಾಡದ ಟಿಸಿ. ಇದರಲ್ಲಿ ಎರಡು ದಾರಿ. ಒಂದು, ಕೊರುಗೇಟೆಡ್ ಟ್ಯಾಂಕ್, ಪೂರ್ತಿ ಸೀಲ್. ಎಣ್ಣೆ ಹಿಗ್ಗಿದರೆ ಟ್ಯಾಂಕಿನ ಮಡಿಕೆಗಳೇ ಹಿಗ್ಗುತ್ತವೆ. ಚಂದ ಐಡಿಯಾ, ಅಗ್ಗ ಕೂಡ. ಆದರೆ ಆ ತೆಳು ಮಡಿಕೆಯೇ ಟ್ಯಾಂಕಿನ ಗೋಡೆ. ಮಡಿಕೆಯ ಸಂದಿಯಲ್ಲಿ ಪೇಂಟ್ ಸರಿಯಾಗಿ ಕೂರದೆ ಉಪ್ಪು ಹಿಡಿದು ತುಕ್ಕಿನಿಂದ ಒಂದು ತೂತಾದರೆ ಪೂರ್ತಿ ಟ್ಯಾಂಕಿಗೇ ಕೆಲಸ. ಎರಡು, ಗಟ್ಟಿ ಗೋಡೆಯ ಸೀಲ್ಡ್ ಟ್ಯಾಂಕ್, ಮೇಲೆ ಸ್ವಲ್ಪ ಜಾಗದಲ್ಲಿ ನೈಟ್ರೋಜನ್, ಬದಿಯಲ್ಲಿ ಬೇರೆ ರೇಡಿಯೇಟರ್. ಈ ರೇಡಿಯೇಟರನ್ನು ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿಸಬಹುದು, ನಡುವೆ ವಾಲ್ವ್ ಇದ್ದರೆ ಹಾಳಾದದ್ದನ್ನು ಮಾತ್ರ ಬಿಚ್ಚಿ ಬದಲಿಸಬಹುದು. ಸಮುದ್ರ ಒಂದೂವರೆ ಕಿಲೋಮೀಟರಿನಲ್ಲಿದ್ದರೆ ನಾನು ಕಣ್ಣು ಮುಚ್ಚಿ ಎರಡನೆಯದಕ್ಕೆ ಹೋಗುತ್ತೇನೆ. ಪೇಂಟಿಗೆ "ಮರೈನ್ ಪೇಂಟ್" ಅಂತ ಬಾಯಿಮಾತು ಒಪ್ಪಬೇಡಿ, ಐಎಸ್ಒ 12944ರ ಸಿ5 (ತುಕ್ಕು ಜಾಸ್ತಿ ಹಿಡಿಯುವ ಜಾಗದ ದರ್ಜೆ) ಅಂತ ಆರ್ಡರಿನಲ್ಲಿ ಬರೆಸಿ.

ಎಚ್‌ವಿ, ಎಲ್‌ವಿ ಎರಡೂ ಕಡೆ ಕೇಬಲ್ ಬಾಕ್ಸ್ ಕೇಳಿ. ತೆರೆದ ಬುಶಿಂಗ್ (ತಂತಿ ಹೊರಗೆ ಬರುವ ಪಿಂಗಾಣಿ ಕೊಳವೆ) ಬೇಡ. ಉಪ್ಪು ಒಂದು ಕಡೆ, ಹಾವು, ಓತಿ, ಇಲಿ ಇನ್ನೊಂದು ಕಡೆ. ತೆರೆದದ್ದೇ ಆಗಬೇಕು ಅಂತಾದರೆ ಕ್ರೀಪೇಜ್ (ಬುಶಿಂಗಿನ ಮೈಮೇಲೆ ಅಳೆದ ದೂರ) ಕೆವಿಗೆ 31 ಮಿಲಿಮೀಟರಿನ ಲೆಕ್ಕದಲ್ಲಿ ಹಿಡಿಯಿರಿ, 12 ಕೆವಿಗೆ 372 ಆಗುತ್ತದೆ. ಅದಕ್ಕೆ ಸುಲಭದ ದಾರಿ 24 ಕೆವಿಯ ಬುಶಿಂಗ್ ಹಾಕಿಸುವುದು.

ಇನ್ನೊಂದು, ಇದನ್ನು ಹೇಳದಿದ್ದರೆ ನಿಮ್ಮ ಎಲೆಕ್ಟ್ರಿಶಿಯನ್ ಖಂಡಿತ ಮಾಡುವ ತಪ್ಪು. 800 ವೋಲ್ಟ್ ಕಡೆಯ ನ್ಯೂಟ್ರಲನ್ನು ಅಭ್ಯಾಸಬಲದಿಂದ ಅರ್ತ್ ಮಾಡಿಬಿಡುತ್ತಾರೆ. ಈ ಸೈಜಿನ ಹೆಚ್ಚಿನ ಇನ್ವರ್ಟರುಗಳಿಗೆ ಅದು ತೇಲುತ್ತಿರಬೇಕು, ಅಂದರೆ ಅರ್ತಿಗೆ ತಾಗಿರಬಾರದು, ಅರ್ತ್ ಆದರೆ ಇನ್ಸುಲೇಶನ್ ಫಾಲ್ಟ್ ತೋರಿಸಿ ಇನ್ವರ್ಟರ್ ಸ್ಟಾರ್ಟೇ ಆಗುವುದಿಲ್ಲ. ಮಾನ್ಯುವಲ್ ನೋಡಿ, ಅರ್ತ್ ಬೇಡ ಅಂತಿದ್ದರೆ ನ್ಯೂಟ್ರಲ್ ಹೊರಗೇ ತರಬೇಡಿ ಅಂತ ಟಿಸಿ ಮಾಡುವವರಿಗೆ ಹೇಳಿ. ಶೀಲ್ಡನ್ನು ಮಾತ್ರ ಬೇರೆ ಬುಶಿಂಗಿನಲ್ಲಿ ಹೊರಗೆ ತಂದು ಅರ್ತ್ ಮಾಡಬೇಕು. ಎರಡನ್ನು ಅದಲುಬದಲು ಮಾಡಿದವರನ್ನು ನೋಡಿದ್ದೇನೆ, ನಗುವುದಾ ಅಳುವುದಾ ಗೊತ್ತಾಗಲಿಲ್ಲ.

ಮಲ್ಪೆ ಐಸ್:

ವೈಂಡಿಂಗಿನವರೇ, ನಮ್ಮದು ಇ0 ಇತ್ತೋ ಇ2 ಇತ್ತೋ ಅಂತ ಈಗ ಪ್ಲೇಟ್ ಹುಡುಕಿ ನೋಡಿದೆ. ಇ0. ಇನ್ನೇನು ಹೇಳಲಿ.

ಕಾಪುವಿನವರಿಗೆ ಒಂದು ಮಾತು. ಸೀಲ್ಡ್ ಆದರೂ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಎಣ್ಣೆಯ ಸ್ಯಾಂಪಲ್ ತೆಗೆದು ಬಿಡಿವಿ ಟೆಸ್ಟ್ (ಎಣ್ಣೆ ಎಷ್ಟು ಕೆವಿ ತಡೆಯುತ್ತದೆ ಅಂತ ನೋಡುವುದು) ಮಾಡಿಸಿ. ಮಳೆಯಲ್ಲಿ ತೆಗೆಯಬೇಡಿ, ಬಾಟ್ಲಿಯ ನೀರೇ ರಿಪೋರ್ಟಿನಲ್ಲಿ ಬರುತ್ತದೆ. ನಾವು ಈಗ ಎಣ್ಣೆಯದ್ದಕ್ಕೆ ಹಾಗೇ ಮಾಡುವುದು. 30 ಕೆವಿಗಿಂತ ಕೆಳಗೆ ಬಂದರೆ ಫಿಲ್ಟರ್ ಮಾಡಿಸಲೇಬೇಕು, 40ರ ಹತ್ತಿರ ಬಂದರೇ ನಮಗೆ ನಿದ್ದೆ ಬರುವುದಿಲ್ಲ.

ಕಾಪು ಗೇರುಬೀಜ:

ಎಲ್ಲರಿಗೂ ತುಂಬಾ ಉಪಕಾರ. ಮಾವನವರಿಗೆ ಕೇಬಲ್ ರೇಟ್ ತೋರಿಸಿದೆ. ಐದು ನಿಮಿಷ ಮಾತಾಡಲಿಲ್ಲ, ಆಮೇಲೆ ಸ್ನೇಹಿತರಿಗೆ ಫೋನ್ ಮಾಡಿ "ನಿನ್ನ ಟಿಸಿ ಗುಜರಿಗೇ ಹಾಕು ಮಾರಾಯ" ಅಂದರು.

ಡ್ರೈ ಟೈಪಿನವರಿಗೆ ಬೇಡ ಅಂತ ತಿಳಿಸಿದೆ. ಆಯಿಲ್ಲಿನವರಿಗೆ ಹೊಸ ಕೊಟೇಶನ್ ಕೇಳಿದ್ದೇನೆ: ಸೀಲ್ಡ್ ಟ್ಯಾಂಕ್, ಗ್ಯಾಲ್ವನೈಸ್ಡ್ ರೇಡಿಯೇಟರ್, ಸಿ5 ಪೇಂಟ್, ಎರಡೂ ಕಡೆ ಕೇಬಲ್ ಬಾಕ್ಸ್, ಶೀಲ್ಡ್ ಹೊರಗೆ, ನ್ಯೂಟ್ರಲ್ ಒಳಗೆ. ಎಣ್ಣೆ ಮಿನರಲ್‌ಗೆ ಒಂದು ರೇಟ್, ಎಸ್ಟರಿಗೆ ಒಂದು ರೇಟ್. ಅವರು "ಇಷ್ಟೆಲ್ಲ ಯಾರು ಹೇಳಿಕೊಟ್ಟರು ನಿಮಗೆ" ಅಂತ ಕೇಳಿದರು. ತೊಟ್ಟಿಯ ಪ್ಲಾನ್ ತೋರಿಸಿದ ಮೇಲೆ ಪಕ್ಕದ ಮನೆಯವರೂ ಸ್ವಲ್ಪ ಮೆತ್ತಗಾಗಿದ್ದಾರೆ. ತೊಟ್ಟಿ ಕಟ್ಟುವಾಗ ಬಂದು ನಿಂತು ನೋಡುತ್ತಾರಂತೆ, ನೋಡಲಿ.

ಈಗ ಹೊಸ ತಲೆನೋವು. ರಾತ್ರಿ ಸಿಸಿಟಿವಿಗೆ, ಲೈಟಿಗೆ ಕರೆಂಟು ಎಲ್ಲಿಂದ? ಅಲ್ಲಿ ಇರುವುದು 800 ವೋಲ್ಟ್ ಮಾತ್ರ ಅಲ್ವಾ?

ಬೈಕಂಪಾಡಿ ವೈಂಡಿಂಗ್:

ಅದನ್ನೇ ಕಾಯುತ್ತಿದ್ದೆ, ಎಲ್ಲರೂ ಪ್ಯಾನೆಲ್ ಹತ್ತಿಸಿದ ಮೇಲೆ ಕೇಳುವುದು. 800ರಿಂದ 415ಕ್ಕೆ ಇಳಿಸುವ ಒಂದು ಸಣ್ಣ ಆಕ್ಸಿಲರಿ ಟಿಸಿ ಹಾಕಿ, 10 ಕೆವಿಎ ಧಾರಾಳ. ಅದರ 415 ಕಡೆಯ ನ್ಯೂಟ್ರಲನ್ನು ಮಾತ್ರ ಅರ್ತ್ ಮಾಡಬೇಕು, ಎಲೆಕ್ಟ್ರಿಶಿಯನ್‌ಗೆ ಗೊಂದಲ ಆಗದ ಹಾಗೆ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿ. ಮತ್ತೆ ಅದು ಕಂಟ್ರೋಲ್ ರೂಮಿನೊಳಗೆ ಕೂರುವುದರಿಂದ ಡ್ರೈ ಟೈಪೇ ತಗೊಳ್ಳಿ. ಐಸ್ ಪ್ಲಾಂಟಿನವರು ಬೈಯಬೇಡಿ.